ಡಾಕ್ಟರ್ ಹೂ ಕಥೆಗಳಿಗೆ ಅಂಕ ಕೊಡುವುದು ಹೇಗೆ, ಸಾಲಾಗಿ ನಿಲ್ಲಿಸುವುದು ಹೇಗೆ

1984ರ ಮಾರ್ಚ್ 16ಕ್ಕೆ ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ನಲ್ಲಿ ‘ದ ಕೇವ್ಸ್ ಆಫ್ ಆಂಡ್ರೋಜನಿ’ ಅನ್ನುವ ಕಥೆ ಮುಗಿಯಿತು. ಆರು ದಿನ ಕಳೆದು, 22ಕ್ಕೆ, ‘ದ ಟ್ವಿನ್ ಡಿಲೆಮಾ’ ಶುರುವಾಯಿತು. ಇಪ್ಪತ್ತೈದು ವರ್ಷ ಆದಮೇಲೆ, 2009ರಲ್ಲಿ, ಡಾಕ್ಟರ್ ಹೂ ಮ್ಯಾಗಜೀನ್ ಅಲ್ಲಿಯವರೆಗಿನ ಇನ್ನೂರು ಕಥೆಗಳಿಗೂ ತನ್ನ ಓದುಗರಿಂದ ಅಂಕ ಹಾಕಿಸಿತು. ಮೊದಲ ಜಾಗ ಕೇವ್ಸ್‌ಗೆ ಸಿಕ್ಕಿತು. ಇನ್ನೂರನೇ ಜಾಗ ಟ್ವಿನ್ ಡಿಲೆಮಾಗೆ. ಒಂದೇ ಸೀಸನ್, ಒಬ್ಬರೇ ನಿರ್ಮಾಪಕರು, ಒಂದರ ಬೆನ್ನಿಗೆ ಒಂದು ಬಂದ ಕಥೆಗಳು. ಆದರೂ ಒಂದು ಆಕಾಶದಲ್ಲಿ, ಇನ್ನೊಂದು ಪಾತಾಳದಲ್ಲಿ.

ಈ ಸರಣಿಗೆ ಅಂಕ ಹಾಕುವ ಹುಚ್ಚು ಹಿಡಿಯುವುದು ಇದಕ್ಕೇ ನೋಡಿ. 1963ರ ನವೆಂಬರ್ 23ಕ್ಕೆ ಶುರುವಾಗಿ, 1989ರಲ್ಲಿ ನಿಂತು, ನಡುವೆ 1996ರಲ್ಲಿ ಒಂದೇ ಒಂದು ಟಿವಿ ಸಿನಿಮಾ ಆಗಿ ಬಂದು ಹೋಗಿ, 2005ರಲ್ಲಿ ಮತ್ತೆ ಎದ್ದು ಕೂತ ಸರಣಿ. ಕಥೆಗಳ ಲೆಕ್ಕ ಮುನ್ನೂರು ದಾಟಿದೆ. ಕಾಲದಲ್ಲಿ ಹಿಂದೆ ಮುಂದೆ ಸುತ್ತುವ ನಾಯಕ ಡಾಕ್ಟರ್ ಸಾಯುವಾಗ ಹೊಸ ದೇಹದಲ್ಲಿ ಎದ್ದು ಬರುತ್ತಾರೆ, ಹಾಗಾಗಿ ಆ ಪಾತ್ರದ ನಟ ಬದಲಾಗುತ್ತಾರೆ, ಬರೆಯುವವರು ಬದಲಾಗುತ್ತಾರೆ, ಒಂದು ಸಲ ದೆವ್ವದ ಕಥೆ, ಇನ್ನೊಂದು ಸಲ ಇತಿಹಾಸದ ಪಾಠ, ಮತ್ತೊಂದು ಸಲ ಪತ್ತೇದಾರಿ. ‘ಆ ಕಾಲದ್ದು ಚಿನ್ನ, ಈ ಕಾಲದ್ದು ಕಸ’ ಅಂತ ಒಂದೇ ಮಾತಲ್ಲಿ ಮುಗಿಸಲು ಆಗುವುದಿಲ್ಲ. ಒಂದೊಂದನ್ನೇ ಎತ್ತಿ ತೂಗಬೇಕು.

ನಾನು ಮೊದಲ ಸಲ ತೂಗಿದ್ದು ಪೂರ್ತಿ ಎಡವಟ್ಟಾಯಿತು. ಒಂದೊಂದೇ ಕಥೆ ನೋಡುತ್ತಾ ‘ಹತ್ತಕ್ಕೆ ಇಷ್ಟು’ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಒಂದೂವರೆ ವರ್ಷ ಆದಮೇಲೆ ಅಂಕದ ಪ್ರಕಾರ ಜೋಡಿಸಿ ನೋಡಿದರೆ, ಎಂಟು ಅಂಕ ತಗೊಂಡವೇ ಎಪ್ಪತ್ತು ಚಿಲ್ಲರೆ! ಆ ಎಪ್ಪತ್ತರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? ನನಗೇ ಗೊತ್ತಿಲ್ಲ. ಜ್ವರ ಬಂದು ಮಲಗಿದ್ದ ವಾರ ನೋಡಿದ್ದಕ್ಕೆಲ್ಲ ಆರು ಬಿದ್ದಿತ್ತು. ರಜೆಯಲ್ಲಿ ನೋಡಿದ್ದಕ್ಕೆಲ್ಲ ಒಂಬತ್ತು. ಅದು ಕಥೆಗಳ ಪಟ್ಟಿ ಆಗಿರಲಿಲ್ಲ, ನನ್ನ ಮೂಡಿನ ಡೈರಿ ಆಗಿತ್ತು.

ಆಗ ಒಂದು ವಿಷಯ ತಲೆಗೆ ಹೋಯಿತು. ಅಂಕ ಕೊಡುವುದು ಬೇರೆ ಕೆಲಸ, ಸಾಲಿನಲ್ಲಿ ನಿಲ್ಲಿಸುವುದು ಬೇರೆ ಕೆಲಸ. ಒಂದು ಕಥೆ ತಾನು ಮಾಡಲು ಹೊರಟಿದ್ದನ್ನು ಎಷ್ಟು ಚೆನ್ನಾಗಿ ಮಾಡಿತು ಅನ್ನುವುದು ಅಂಕ. ‘ಇದಾ, ಅದಾ’ ಅನ್ನುವುದು ಸಾಲು. ಅಂಕದಿಂದ ಸಾಲು ತಾನಾಗಿಯೇ ಹುಟ್ಟುತ್ತದೆ ಅಂದುಕೊಂಡರೆ ನನ್ನ ಹಾಗೆ ಎಪ್ಪತ್ತು ಎಂಟುಗಳ ಕೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡನ್ನೂ ಮಾಡಿ, ಆದರೆ ಬೇರೆ ಬೇರೆಯಾಗಿ ಮಾಡಿ. ಹೇಗೆ ಅಂತ ಹೇಳುತ್ತೇನೆ.

ಮೊದಲು, ಒಂದು ಕಥೆ ಅಂದರೆ ಎಷ್ಟು?

ಕೇಳಲು ಸುಮ್ನೆ ತಲೆಹರಟೆ ಪ್ರಶ್ನೆ ಅನ್ನಿಸುತ್ತದೆ. ಅಲ್ಲ. ಹಳೆಯ ಕಾಲದಲ್ಲಿ ಒಂದು ಕಥೆ ಅಂದರೆ ಸುಮಾರು 25 ನಿಮಿಷದ ನಾಲ್ಕೋ ಆರೋ ಕಂತು, ಹೆಚ್ಚಾಗಿ ವಾರಕ್ಕೊಂದು. 2005ರಿಂದ ಈಚೆಗೆ ಹೆಚ್ಚಾಗಿ 45 ನಿಮಿಷದ ಒಂದೇ ಕಂತು, ಆಗಾಗ ಎರಡು. ಇಷ್ಟಿದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ 1986ರ ‘ದ ಟ್ರಯಲ್ ಆಫ್ ಎ ಟೈಮ್ ಲಾರ್ಡ್’ ಇದೆಯಲ್ಲ, ಹದಿನಾಲ್ಕು ಕಂತು, ಒಂದೇ ಹೆಸರು, ಒಂದೇ ಕೋರ್ಟು, ಒಳಗೆ ಮಾತ್ರ ನಾಲ್ಕು ಬೇರೆ ಬೇರೆ ಕಥೆ. ಅದನ್ನು ಒಂದು ಅಂತ ಎಣಿಸುವುದಾ, ನಾಲ್ಕು ಅಂತಲಾ? 1979ರಲ್ಲಿ ಮುಷ್ಕರದಿಂದಾಗಿ ಚಿತ್ರೀಕರಣ ಅರ್ಧಕ್ಕೇ ನಿಂತ ‘ಶಾಡಾ’ ಲೆಕ್ಕಕ್ಕೆ ಬರುತ್ತದಾ? 2007ರ ‘ಯುಟೋಪಿಯಾ’ ಮುಂದಿನ ಎರಡು ಕಂತಿಗೆ ಸೇರಿದ್ದಾ, ಬೇರೆಯಾ? 2009ರ ‘ಪ್ಲಾನೆಟ್ ಆಫ್ ದ ಡೆಡ್’ ಇನ್ನೂರನೇ ಕಥೆ ಅಂತ ಪ್ರಚಾರ ಆಯಿತು, ಅಭಿಮಾನಿಗಳು ಮಾತ್ರ ಲೆಕ್ಕ ತಪ್ಪು ಅಂತ ಕಿತ್ತಾಡಿಕೊಂಡರು.

ಹೆಸರಿನಲ್ಲೂ ಗೋಜಲಿದೆ. 1966ರ ತನಕ ಕಂತಿಗೊಂದು ಹೆಸರು ತೆರೆಯ ಮೇಲೆ ಬರುತ್ತಿತ್ತೇ ಹೊರತು ಇಡೀ ಕಥೆಗೆ ಹೆಸರು ಬರುತ್ತಿರಲಿಲ್ಲ. ಹಾಗಾಗಿ ಮೊಟ್ಟಮೊದಲ ಕಥೆಯನ್ನು ಕೆಲವರು ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’ ಅನ್ನುತ್ತಾರೆ, ಕೆಲವರು ‘100,000 ಬಿಸಿ’ ಅನ್ನುತ್ತಾರೆ. ಎರಡೂ ಒಂದೇ. ಎರಡು ಸಲ ಸೇರಿಸಿಬಿಟ್ಟೀರಿ, ಹುಷಾರು.

ಈ ತೀರ್ಮಾನ ಯಾಕೆ ಮುಖ್ಯ ಅಂದರೆ ಅದು ಅಂಕವನ್ನೇ ಬದಲಿಸುತ್ತದೆ. 2015ರ ‘ಹೆವನ್ ಸೆಂಟ್’ ತಗೊಳ್ಳಿ. ಆಗ ಡಾಕ್ಟರ್ ಆಗಿದ್ದ ಪೀಟರ್ ಕಪಾಲ್ಡಿ ಹತ್ತಿರಹತ್ತಿರ ಒಬ್ಬರೇ ಇಡೀ ಕಂತನ್ನು ಹೊತ್ತಿದ್ದಾರೆ. ಒಂದು ಕೋಟೆ, ಹಿಂದೆ ನಿಧಾನಕ್ಕೆ ನಡೆದು ಬರುವ ಒಂದು ಪಿಶಾಚಿಯಂಥದ್ದು, ಕೊನೆಗೆ ವಜ್ರಕ್ಕಿಂತ ಗಟ್ಟಿಯಾದ ಗೋಡೆ. ಡಾಕ್ಟರ್ ಅದನ್ನು ಕೈಯಿಂದ ಗುದ್ದುತ್ತಾ ಗುದ್ದುತ್ತಾ ನಾನೂರೈವತ್ತು ಕೋಟಿ ವರ್ಷ ಕಳೆಯುತ್ತಾರೆ. ಒಂಟಿಯಾಗಿ ನೋಡಿದರೆ ನನ್ನ ಲೆಕ್ಕದಲ್ಲಿ ಹತ್ತು. ಆದರೆ ಅದರ ಹಿಂದಿನ ‘ಫೇಸ್ ದ ರೇವನ್’, ಮುಂದಿನ ‘ಹೆಲ್ ಬೆಂಟ್’ ಎರಡನ್ನೂ ಸೇರಿಸಿ ಒಂದೇ ಕಥೆ ಅಂದರೆ ಏಳೂವರೆ ದಾಟುವುದಿಲ್ಲ. ನನ್ನ ನಿಯಮ ಸರಳ. ಬರೆದವರು ಬೇರೆ, ಜಾಗ ಬೇರೆ, ಕಥೆಗೆ ತನ್ನದೇ ಶುರು ಮತ್ತು ಕೊನೆ ಇದೆ, ಈ ಮೂರರಲ್ಲಿ ಎರಡು ನಿಜವಾದರೆ ಅದು ಬೇರೆ ಕಥೆ. ನಿಮಗೆ ಇನ್ನೊಂದು ನಿಯಮ ಸರಿ ಅನ್ನಿಸಿದರೆ ಅದನ್ನೇ ಇಟ್ಟುಕೊಳ್ಳಿ, ತಕರಾರಿಲ್ಲ. ನಡುವೆ ಬದಲಿಸಬೇಡಿ ಅಷ್ಟೇ.

ಯಾವುದನ್ನು ನೋಡಿ ಅಂಕ ಹಾಕುತ್ತಿದ್ದೀರಿ?

ಅರವತ್ತು, ಎಪ್ಪತ್ತರ ದಶಕದಲ್ಲಿ ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿತು, ಫಿಲ್ಮ್ ಪ್ರಿಂಟುಗಳನ್ನು ಎಸೆಯಿತು. ಟೇಪು ದುಬಾರಿ, ಇಡಲು ಜಾಗ ಇಲ್ಲ, ಮತ್ತೆ ಯಾರು ನೋಡುತ್ತಾರೆ ಅನ್ನುವ ಲೆಕ್ಕ. ಹೀಗಾಗಿ ಮೊದಲ ಇಬ್ಬರು ಡಾಕ್ಟರ್‌ಗಳಾದ ವಿಲಿಯಂ ಹಾರ್ಟ್‌ನೆಲ್, ಪ್ಯಾಟ್ರಿಕ್ ಟ್ರೌಟನ್ ಕಾಲದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಇಲ್ಲ. ಆದರೆ ಆಗಿನ ಅಭಿಮಾನಿಗಳು ಮನೆಯಲ್ಲೇ ಟಿವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಂಡಿದ್ದರು. ಅವರ ಪುಣ್ಯದಿಂದ ಇಲ್ಲದ ಕಂತುಗಳಿಗೆಲ್ಲ ಧ್ವನಿಯಾದರೂ ಉಳಿದಿದೆ. 1964ರ ‘ಮಾರ್ಕೋ ಪೋಲೋ’ ಏಳು ಕಂತು, ಒಂದೂ ಉಳಿದಿಲ್ಲ. ಇರುವುದು ಧ್ವನಿ, ಕೆಲವು ಫೋಟೊ.

ಇಲ್ಲದ್ದಕ್ಕೆ ಅಂಕ ಹಾಕುವುದು ಹೇಗೆ? ನನ್ನ ಸಲಹೆ, ಹಾಕಿ, ಆದರೆ ಪಕ್ಕದಲ್ಲಿ ಒಂದು ಗುರುತು ಹಾಕಿ. ‘ಕೇಳಿದ್ದು’, ‘ಅನಿಮೇಶನ್ (ಉಳಿದ ಧ್ವನಿಗೆ ಚಿತ್ರ ಬಿಡಿಸಿ ಮಾಡಿದ್ದು) ನೋಡಿದ್ದು’, ‘ಪೂರ್ತಿ ನೋಡಿದ್ದು’ ಅಂತ. ಯಾಕೆಂದರೆ ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುವ ಹಾಗೆ, ಕಳೆದುಹೋದ ಕಥೆ ಯಾವಾಗಲೂ ಅದ್ಭುತವೇ. ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ವಿಷಯದಲ್ಲಿ ಹೀಗೇ ಆಗಿತ್ತು. 1967ರದ್ದು, ಕಳೆದುಹೋಗಿತ್ತು, ಅದರಂಥ ಕಥೆಯೇ ಇಲ್ಲ ಅಂತ ನೋಡಿದ್ದವರೆಲ್ಲ ಹೇಳುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಹಾಂಗ್‌ಕಾಂಗ್‌ನಿಂದ ನಾಲ್ಕೂ ಕಂತು ಸಿಕ್ಕವು. ಅರ್ಧ ಮನುಷ್ಯ ಅರ್ಧ ಯಂತ್ರವಾದ ಸೈಬರ್‌ಮೆನ್ ಗೂಡು ಹರಿದು ಹೊರಗೆ ಬರುವ ದೃಶ್ಯ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಆಳನ್ನು ಎತ್ತಿ ಎಸೆಯುವಾಗ ಕಟ್ಟಿದ ತಂತಿಯೂ ಚೆನ್ನಾಗಿ ಕಾಣುತ್ತದೆ. ಕೆಲವರ ಮುಖ ಸಪ್ಪಗಾಯಿತು.

ಉಲ್ಟಾ ಕೂಡ ಆಗಿದೆ. ‘ದ ಎನಿಮಿ ಆಫ್ ದ ವರ್ಲ್ಡ್’ನ ಆರು ಕಂತಿನಲ್ಲಿ ಮೂರನೆಯದು ಮಾತ್ರ ಉಳಿದಿತ್ತು. ಪಾಪ, ಅದು ಆರರಲ್ಲಿ ಮಂಕಾದ ಕಂತು, ಅದನ್ನು ನೋಡಿ ಇಡೀ ಕಥೆಯೇ ಹೀಗೆ ಅಂದುಕೊಂಡಿದ್ದರು. 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಉಳಿದ ಕಂತುಗಳು ಸಿಕ್ಕವು. ಡಾಕ್ಟರ್ ಆಗಿಯೂ, ಖಳನಾಯಕ ಸಾಲಮ್ಯಾಂಡರ್ ಆಗಿಯೂ ಟ್ರೌಟನ್ ಮಾಡಿದ ಎರಡು ಪಾತ್ರ ಕಣ್ಣಾರೆ ನೋಡಿದಮೇಲೆ ಆ ಕಥೆಯ ಮರ್ಯಾದೆ ಒಂದೇ ಏಟಿಗೆ ಏರಿತು. ಒಂದೇ ಕಂತು ನೋಡಿ ಇಡೀ ಕಥೆಗೆ ಅಂಕ ಹಾಕಬೇಡಿ ಅನ್ನಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಹೊಸ ತಲೆನೋವು ಬಣ್ಣದ ಕಿರು ಆವೃತ್ತಿಗಳು. 1969ರ ‘ದ ವಾರ್ ಗೇಮ್ಸ್’ ಹತ್ತು ಕಂತು, ನಾಲ್ಕು ಗಂಟೆ. 2024ರ ಡಿಸೆಂಬರ್‌ನಲ್ಲಿ ಬಿಬಿಸಿ ಅದನ್ನು 90 ನಿಮಿಷಕ್ಕೆ ಇಳಿಸಿ ಬಣ್ಣ ಹಾಕಿ ಪ್ರಸಾರ ಮಾಡಿತು. ಚೆನ್ನಾಗೇ ಇದೆ. ಆದರೆ ಅದು ಬೇರೆ ವಸ್ತು. ಅದಕ್ಕೆ ಬಿದ್ದ ಅಂಕವನ್ನು ಮೂಲಕ್ಕೆ ಅಂಟಿಸಬೇಡಿ.

ಅಳತೆಗೋಲು ಇಲ್ಲದೆ ಅಂಕ ಇಲ್ಲ

ಹತ್ತಕ್ಕೆ ಏಳು ಅಂದರೆ ಏನು? ಬರೀ ಏಳು ಅಂದರೆ ಏನೂ ಅಲ್ಲ. ಯಾವುದೋ ಒಂದು ಕಥೆಯ ಪಕ್ಕ ಇಟ್ಟಾಗ ಮಾತ್ರ ಅದಕ್ಕೆ ಅರ್ಥ. ಅದಕ್ಕೇ ಶುರು ಮಾಡುವ ಮೊದಲು ನಿಮಗೆ ಚೆನ್ನಾಗಿ ನೆನಪಿರುವ ಐದು ಕಥೆ ಆರಿಸಿ, ಅವುಗಳ ಅಂಕವನ್ನು ಗಟ್ಟಿ ಮಾಡಿ. ನನ್ನವು ಹೀಗಿವೆ. ಹತ್ತು ಅಂದರೆ ಕೇವ್ಸ್ ಆಫ್ ಆಂಡ್ರೋಜನಿ. ಎಂಟು ಅಂದರೆ ‘ದ ಆರ್ಕ್ ಇನ್ ಸ್ಪೇಸ್’. ಐದು ಅಂದರೆ 2007ರ ‘ದ ಲಾಜರಸ್ ಎಕ್ಸ್‌ಪೆರಿಮೆಂಟ್’, ನೋಡಿದೆ, ಬೇಜಾರಾಗಲಿಲ್ಲ, ಮಾರನೇ ದಿನ ಮರೆತೆ. ಮೂರು ಅಂದರೆ 2006ರ ‘ಫಿಯರ್ ಹರ್’. ಒಂದು ಅಂದರೆ 1985ರ ‘ಟೈಮ್‌ಲ್ಯಾಶ್’. ಹೊಸದಾಗಿ ಏನಾದರೂ ನೋಡಿದಾಗ ‘ಇದಕ್ಕೆ ಎಷ್ಟು’ ಅಂತ ಕೇಳಿಕೊಳ್ಳುವುದಿಲ್ಲ, ‘ಇದು ಆರ್ಕ್‌ಗಿಂತ ಮೇಲಾ, ಲಾಜರಸ್‌ಗಿಂತ ಮೇಲಾ’ ಅಂತ ಕೇಳಿಕೊಳ್ಳುತ್ತೇನೆ.

ಐದು ಅನ್ನುವುದು ನಿಜವಾಗಿಯೂ ನಡುವೆ ಇರಲಿ. ಶಾಲೆಯಲ್ಲಿ ಮೂವತ್ತೈದು ಬಂದರೆ ಪಾಸು, ಅರವತ್ತಕ್ಕಿಂತ ಕಡಿಮೆ ಬಂದರೆ ಮನೆಯಲ್ಲಿ ಬೈಗುಳ ಅನ್ನುವ ಅಭ್ಯಾಸ ನಮ್ಮ ತಲೆಯಲ್ಲಿ ಕೂತಿದೆ. ಹಾಗಾಗಿ ಆರು ಕೊಡಲೂ ಕೈ ನಡುಗುತ್ತದೆ, ಎಲ್ಲವೂ ಏಳರಿಂದ ಒಂಬತ್ತರ ನಡುವೆ ಬಂದು ಕೂರುತ್ತವೆ. ಕೈ ಬಿಗಿ ಹಿಡಿಯಿರಿ. ಕಥೆಗೆ ಯಾರೂ ಟಿಸಿ ಕೊಟ್ಟು ಕಳಿಸುವುದಿಲ್ಲ.

ನೋಡಿದ ರಾತ್ರಿಯೇ ಒಂದು ಅಂಕ ಪೆನ್ಸಿಲ್ಲಿನಲ್ಲಿ ಬರೆಯಿರಿ. ಎರಡು ದಿನ ಬಿಟ್ಟು ಪೆನ್ನಿನಲ್ಲಿ ಬರೆಯಿರಿ. ಮೊದಲ ರಾತ್ರಿಯ ಅಂಕ ಕೊನೆಯ ಹತ್ತು ನಿಮಿಷಕ್ಕೆ ಬೀಳುವ ಅಂಕ. 1982ರ ‘ಅರ್ತ್‌ಶಾಕ್’ ಮುಗಿದಾಗ, ಜೊತೆಗಿದ್ದ ಏಡ್ರಿಕ್ ಸತ್ತು, ಕೊನೆಯ ಹೆಸರುಗಳು ಸಂಗೀತವೇ ಇಲ್ಲದೆ ಮೌನವಾಗಿ ಸರಿಯುವಾಗ, ಯಾರು ಬೇಕಾದರೂ ಹತ್ತು ಕೊಟ್ಟುಬಿಡುತ್ತಾರೆ. ಎರಡು ದಿನ ಆದಮೇಲೆ ನೆನಪಾಗುತ್ತದೆ, ಅಯ್ಯೋ, ನಡುವೆ ಗುಂಡು ಹಾರಿಸುತ್ತಾ ಅತ್ತಿಂದಿತ್ತ ಓಡಿದ್ದೇ ಜಾಸ್ತಿ ಅಲ್ವಾ ಅಂತ.

ಹಳೆಯ ಕಥೆಗಳನ್ನು ಒಂದೇ ಸಲಕ್ಕೆ ಕೂತು ನೋಡಿ ಅಂಕ ಹಾಕುವುದು ಅನ್ಯಾಯ. ವಾರಕ್ಕೊಂದು ಕಂತು ಅಂತ ಬರೆದದ್ದು ಅದು. ಆರು ಕಂತನ್ನು ಒಟ್ಟಿಗೆ ನುಂಗಿದರೆ ಸಿಕ್ಕಿಬೀಳುವುದು, ತಪ್ಪಿಸಿಕೊಳ್ಳುವುದು, ಮತ್ತೆ ಸಿಕ್ಕಿಬೀಳುವುದು, ಅದೇ ಕಾರಿಡಾರಿನಲ್ಲಿ ಮತ್ತೆ ಓಡುವುದು ಎದ್ದು ಕಾಣುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ನೋಡಿ. ಆಗ ಕೇವ್ಸ್‌ನ ಮೂರನೇ ಕಂತಿನ ಕೊನೆ, ಕಟ್ಟಿಹಾಕಿದ್ದ ಡಾಕ್ಟರ್ ಬಿಡಿಸಿಕೊಂಡು ನೌಕೆಯನ್ನು ನೇರ ಗ್ರಹದ ಕಡೆ ತಿರುಗಿಸಿ, ಹೊರಗೆ ಬಂದೂಕು ಹಿಡಿದವನು ಬಾಗಿಲು ಕೊರೆಯುತ್ತಿರುವಾಗ ನಿಲ್ಲುವ ಆ ಜಾಗ, ನಿಜವಾಗಿ ನಿಮ್ಮನ್ನು ಒಂದು ದಿನ ಕಾಯಿಸುತ್ತದೆ.

ವಿಭಾಗ ಮಾಡಿ ಕೂಡಿಸಬೇಡಿ

ತುಂಬ ಜನ ಇದನ್ನು ಮಾಡುತ್ತಾರೆ. ನಟನೆಗೆ ಹತ್ತು, ಬರವಣಿಗೆಗೆ ಹತ್ತು, ರಾಕ್ಷಸರಿಗೆ ಹತ್ತು, ಸಂಗೀತಕ್ಕೆ ಹತ್ತು, ಸೆಟ್ಟಿಗೆ ಹತ್ತು, ಕೂಡಿಸಿ ಐದರಿಂದ ಭಾಗಿಸು. ನೋಡಲು ಬಹಳ ವೈಜ್ಞಾನಿಕ. ಫಲಿತಾಂಶ ಮಾತ್ರ ಸುಳ್ಳು.

ಆರ್ಕ್ ಇನ್ ಸ್ಪೇಸ್ ನೋಡಿ. 1975. ಮನುಷ್ಯರ ದೇಹ ಹೊಕ್ಕು ಅವರನ್ನೇ ತಾನಾಗಿ ಮಾಡಿಕೊಳ್ಳುವ ಕೀಟ, ಹೆಸರು ವಿರ್ನ್. ನೌಕೆಯ ನಾಯಕ ನೋವಾಗೆ ಅದು ತಗುಲಿದೆ. ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡಿದ್ದಾನೆ. ಹೊರಗೆ ತೆಗೆದು ನೋಡಿದರೆ ಕೈ ಹಸಿರಾಗಿ ಬೊಬ್ಬೆ ಎದ್ದಿದೆ. ಆ ಬೊಬ್ಬೆ ಏನು ಗೊತ್ತಾ? ಬಬಲ್ ರ‍್ಯಾಪ್. ಸಾಮಾನು ಸುತ್ತಿ ಕಳಿಸುತ್ತಾರಲ್ಲ, ಚಿಟಪಟ ಒಡೆಯುವ ಪ್ಲಾಸ್ಟಿಕ್ಕು, ಅದಕ್ಕೇ ಹಸಿರು ಬಣ್ಣ ಬಳಿದಿದ್ದಾರೆ. ಮೇಕಪ್ಪಿಗೆ ಅಂಕ ಹಾಕಿದರೆ ಹತ್ತಕ್ಕೆ ಎರಡು. ಆದರೆ ಆ ನಟನ ಮುಖ ನೋಡಿ. ತನ್ನದೇ ಕೈಯನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸುತ್ತಾನೆ, ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿಯುತ್ತಾನೆ. ಆ ಕ್ಷಣಕ್ಕೆ ಪ್ಲಾಸ್ಟಿಕ್ಕು ಮರೆತುಹೋಗುತ್ತದೆ. ಎರಡು ಅಂಕದ ಮೇಕಪ್ಪು ಆ ದೃಶ್ಯದಿಂದ ಏನನ್ನೂ ಕಳೆಯುವುದಿಲ್ಲ. ಕೂಡಿಸಿ ಭಾಗಿಸಿದರೆ ಮಾತ್ರ ಕಳೆಯುತ್ತದೆ.

ಕೇವ್ಸ್‌ನಲ್ಲೂ ಅಷ್ಟೆ. ಗುಹೆಯೊಳಗಿನ ಆ ಮ್ಯಾಗ್ಮಾ ಪ್ರಾಣಿ, ರಬ್ಬರಿನೊಳಗೆ ತೂರಿಕೊಂಡ ಮನುಷ್ಯ ಅಂತ ಒಂದು ಮೈಲಿ ದೂರದಿಂದ ಗೊತ್ತಾಗುತ್ತದೆ. ಯಾರೂ ಅದಕ್ಕಾಗಿ ಆ ಕಥೆ ನೋಡುವುದಿಲ್ಲ. ರಾಬರ್ಟ್ ಹೋಮ್ಸ್ ಬರೆದದ್ದು, ಗ್ರೇಮ್ ಹಾರ್ಪರ್ ನಿರ್ದೇಶಿಸಿದ್ದು. ಅದರ ತಿರುಳು ಇಷ್ಟೇ, ತಾನು ಈಗಷ್ಟೇ ಭೇಟಿಯಾದ ಪೆರಿ ಎಂಬ ಹುಡುಗಿಯನ್ನು ಬದುಕಿಸಲು ಡಾಕ್ಟರ್ ಸಾಯುತ್ತಾರೆ. ಮದ್ದು ಒಬ್ಬರಿಗಾಗುವಷ್ಟೇ ಉಳಿದಿದೆ. ಆ ತಿರುಳು ಕೆಲಸ ಮಾಡಿತಾ ಇಲ್ಲವಾ? ಅಂಕ ಬೀಳಬೇಕಾದ್ದು ಅದಕ್ಕೆ.

ಹಾಗಾದರೆ ತಪ್ಪುಗಳಿಗೆ ಬೆಲೆಯೇ ಇಲ್ವಾ? ಇದೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ತಪ್ಪು ಕಥೆಯ ಬೆನ್ನುಮೂಳೆಗೆ ತಾಗಿದೆಯಾ, ಚರ್ಮಕ್ಕೆ ತಾಗಿದೆಯಾ? ‘ಜೆನಿಸಿಸ್ ಆಫ್ ದ ಡಾಲೆಕ್ಸ್’ನಲ್ಲಿ ಡಾಕ್ಟರ್ ಜೊತೆಗಾರ ಹ್ಯಾರಿಯ ಕಾಲು ದೊಡ್ಡ ಕಪ್ಪೆಚಿಪ್ಪಿನ ಬಾಯಿಗೆ ಸಿಕ್ಕಿಕೊಳ್ಳುವ ದೃಶ್ಯ ಇದೆ, ನಗು ತಡೆಯಲು ಆಗುವುದಿಲ್ಲ, ಅದನ್ನು ಕಿತ್ತುಹಾಕಿದರೂ ಕಥೆಗೆ ಏನೂ ಆಗುವುದಿಲ್ಲ. ಚರ್ಮ. ಅದೇ ಕಥೆಯಲ್ಲಿ ಡಾಕ್ಟರ್ ಎರಡು ತಂತಿ ಹಿಡಿದು ನಿಂತಿದ್ದಾರೆ. ಒಂದಕ್ಕೊಂದು ತಾಗಿಸಿದರೆ ಡಾಕ್ಟರ್‌ನ ಕಡುವೈರಿಗಳಾದ ಡಾಲೆಕ್‌ಗಳ ಮೊಟ್ಟೆಕೋಣೆ ಸಿಡಿಯುತ್ತದೆ, ಇಡೀ ಕುಲವೇ ಹುಟ್ಟುವ ಮೊದಲು ಮುಗಿಯುತ್ತದೆ. ಜೊತೆಗಾತಿ ಸೇರಾ ಮಾಡಿಬಿಡಿ ಅನ್ನುತ್ತಾಳೆ. ಡಾಕ್ಟರ್ ಕೈ ಮುಂದೆ ಹೋಗುವುದಿಲ್ಲ, ನನಗೇನು ಹಕ್ಕಿದೆ ಅಂತ ಕೇಳಿಕೊಳ್ಳುತ್ತಾರೆ. ಅದು ಬೆನ್ನುಮೂಳೆ. ಇನ್ನು ಟ್ವಿನ್ ಡಿಲೆಮಾದಲ್ಲಿ ಹೊಸ ಡಾಕ್ಟರ್ ಮೊದಲ ಕಂತಿನಲ್ಲೇ ಪೆರಿಯ ಕತ್ತು ಹಿಸುಕುತ್ತಾರೆ. ಅದು ಸೆಟ್ಟಿನ ತಪ್ಪಲ್ಲ, ಬಟ್ಟೆಯ ತಪ್ಪಲ್ಲ. ನಾವು ಯಾರನ್ನು ನಂಬಿ ಟಾರ್ಡಿಸ್ ಅನ್ನುವ ಆ ಕಾಲನೌಕೆ ಹತ್ತುತ್ತೇವೋ ಆ ನಂಬಿಕೆಯನ್ನೇ ಮುರಿದದ್ದು. ಬೆನ್ನುಮೂಳೆ, ಪೂರ್ತಿ.

ಕಾಲದ ಕೊಳೆ ಮಾತ್ರ ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. 1977ರ ‘ದ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಹೋಮ್ಸ್ ಅವರದೇ. ವಿಕ್ಟೋರಿಯಾ ಕಾಲದ ಲಂಡನ್, ಮಂಜು, ನಾಟಕದ ಥಿಯೇಟರು, ಜೇಗೋ ಮತ್ತು ಲೈಟ್‌ಫುಟ್ ಎಂಬ ಜೋಡಿಯ ಮಾತಿನ ಸೊಗಸು. ಚರಂಡಿಯಲ್ಲಿ ಒಂದು ದೈತ್ಯ ಇಲಿ ಬರುತ್ತದೆ, ಬೆಟ್ಟ ಅಗೆದು ಹಿಡಿದ ಇಲಿಗಿಂತ ಕಡೆ, ಅದನ್ನು ಬಿಡಿ. ನಿಜವಾದ ತೊಡಕು ಬೇರೆ. ಚೀನೀ ಜಾದೂಗಾರನ ಪಾತ್ರವನ್ನು ಮೇಕಪ್ ಹಾಕಿಸಿಕೊಂಡ ಇಂಗ್ಲಿಷ್ ನಟ ಮಾಡಿದ್ದಾರೆ, ಚೀನೀಯರೆಲ್ಲ ಒಂದೋ ಕೊಲೆಗಾರರು ಇಲ್ಲ ಗುಲಾಮರು ಅನ್ನುವ ಹಾಗೆ ತೋರಿಸಿದ್ದಾರೆ. ‘ಆ ಕಾಲ ಹಾಗಿತ್ತು’ ಅಂತ ಕೈ ತೊಳೆದುಕೊಳ್ಳಬಹುದು. ನಾನು ಹಿಂದೆ ಹಾಗೇ ಮಾಡಿ ಒಂಬತ್ತೂವರೆ ಕೊಟ್ಟಿದ್ದೆ. ಈಗ ಏಳು. ನೋಡುವಾಗ ಮೈ ಮುದುಡಿಕೊಳ್ಳುತ್ತದೆ ಅಂದರೆ ಅದೂ ನೋಡಿದ ಅನುಭವದ ಭಾಗವೇ. ನೀವು ಎಷ್ಟು ಕಳೆಯುತ್ತೀರೋ ಕಳೆಯಿರಿ, ಕಳೆದದ್ದು ಯಾಕೆ ಅಂತ ಒಂದು ಸಾಲು ಬರೆದಿಡಿ.

ಮಗುವಾಗಿದ್ದಾಗ ಮೊದಲು ನೋಡಿದ ಡಾಕ್ಟರ್ ಮೇಲಿನ ಮೋಹ ಅಂತೂ ಬಿಡುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅದನ್ನು ಅದುಮಲು ಹೋಗಬೇಡಿ, ಪಕ್ಕದಲ್ಲಿ ‘ಮುದ್ದು’ ಅಂತ ಬರೆದುಬಿಡಿ, ಸಾಕು.

ನೋಡಿದವರ ಸಂಖ್ಯೆಗೆ ಮರುಳಾಗಬೇಡಿ. 1979ರ ‘ಸಿಟಿ ಆಫ್ ಡೆತ್’ನ ಕೊನೆಯ ಕಂತನ್ನು 1.6 ಕೋಟಿಗೂ ಹೆಚ್ಚು ಜನ ನೋಡಿದರು. ಕಥೆ ನಿಜಕ್ಕೂ ಚೆನ್ನಾಗಿದೆ, ಪ್ಯಾರಿಸ್ ಇದೆ, ಲೇಖಕ ಡಗ್ಲಸ್ ಆ್ಯಡಮ್ಸ್ ಕೈವಾಡದ ತಮಾಷೆ ಇದೆ. ಆದರೆ ಆಗ ಎದುರಾಳಿ ಚಾನೆಲ್ ಐಟಿವಿ ಮುಷ್ಕರದಿಂದ ಬಂದ್ ಆಗಿತ್ತು, ಅದನ್ನೂ ನೆನಪಿಡಿ.

ಈಗ ಸಾಲು

ಅಂಕದ ಕಾಗದವನ್ನು ಮಗುಚಿ ಇಡಿ. ಸಾಲು ಮಾಡುವಾಗ ಅದನ್ನು ನೋಡಬಾರದು.

ಮುನ್ನೂರು ಕಥೆಗಳಲ್ಲಿ ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಲು ಕೂತರೆ 44,850 ಜೋಡಿ ಆಗುತ್ತವೆ. ಬೇಡ. ನಿಘಂಟಿನಲ್ಲಿ ಪದ ಹುಡುಕುವ ಹಾಗೆ ಮಾಡಿ, ನಡುವೆ ತೆರೆದು, ಈ ಕಡೆಗೋ ಆ ಕಡೆಗೋ ನೋಡಿ, ಮತ್ತೆ ಅದರ ಅರ್ಧ. ಹೀಗೆ ಮಾಡಿದರೆ ಐನೂರು ಕಥೆಯ ಪಟ್ಟಿಗೂ ಹೊಸದೊಂದನ್ನು ಸೇರಿಸಲು ಒಂಬತ್ತು ಹೋಲಿಕೆ ಸಾಕು.

ಹೋಲಿಸುವ ಪ್ರಶ್ನೆ ಮಾತ್ರ ಸರಿಯಾಗಿರಬೇಕು. ‘ಯಾವುದು ಶ್ರೇಷ್ಠ’ ಅಂತ ಕೇಳಿಕೊಂಡರೆ ಮನಸ್ಸು ಕೂಡಲೇ ಜಡ್ಜ್ ಆಗಿಬಿಡುತ್ತದೆ, ಬೇರೆಯವರು ಹೇಳಿದ್ದನ್ನೇ ಹೇಳುತ್ತದೆ. ನಾನು ಕೇಳಿಕೊಳ್ಳುವುದು ಹೀಗೆ. ಈ ಎರಡರಲ್ಲಿ ಒಂದು ನಾಳೆಯಿಂದ ಪೂರ್ತಿ ಅಳಿಸಿಹೋಗುತ್ತದೆ, ಧ್ವನಿಯೂ ಉಳಿಯುವುದಿಲ್ಲ, ಯಾವುದನ್ನು ಉಳಿಸಿಕೊಳ್ಳುತ್ತೀಯ? ಬಿಬಿಸಿ ಒಮ್ಮೆ ನಿಜವಾಗಿಯೇ ಅಳಿಸಿದೆಯಲ್ಲ, ಹಾಗಾಗಿ ಈ ಪ್ರಶ್ನೆಗೆ ಒಂಥರಾ ಬಿಸಿ ಇದೆ. ಉತ್ತರ ಹತ್ತು ಸೆಕೆಂಡಿನಲ್ಲಿ ಬರಬೇಕು. ಬರಲಿಲ್ಲ ಅಂದರೆ ನಾಣ್ಯ ಚಿಮ್ಮಿ. ಬಿದ್ದದ್ದು ನೋಡಿ ‘ಛೆ’ ಅನ್ನಿಸಿದರೆ ಇನ್ನೊಂದನ್ನು ಆರಿಸಿ.

ಹೋದ ತಿಂಗಳು 1977ರ ‘ದ ರೋಬಾಟ್ಸ್ ಆಫ್ ಡೆತ್’ ಮತ್ತೆ ನೋಡಿದೆ. ನಾಲ್ಕನೇ ಡಾಕ್ಟರ್ ಟಾಮ್ ಬೇಕರ್ ಕಾಲದ ಹದಿನೈದು ಕಥೆಯ ಒಂದು ಚಿಕ್ಕ ಸಾಲು ಇತ್ತು, ಅದಕ್ಕೆ ಸೇರಿಸಬೇಕಿತ್ತು. ನಡುವೆ, ಎಂಟನೇ ಜಾಗದಲ್ಲಿ, ‘ಪ್ಲಾನೆಟ್ ಆಫ್ ಈವಿಲ್’. ಯೋಚನೆಯೇ ಬೇಡ, ರೋಬಾಟ್ಸ್ ಮೇಲೆ. ನಾಲ್ಕನೇ ಜಾಗದಲ್ಲಿ ಸಿಟಿ ಆಫ್ ಡೆತ್. ಇಲ್ಲಿ ತಡೆಯಿತು. ಸಿಟಿಯನ್ನು ಅಳಿಸಲು ಕೈ ಬರಲಿಲ್ಲ, ಹಾಗಾಗಿ ರೋಬಾಟ್ಸ್ ಅದರ ಕೆಳಗೆ. ಆರನೇ ಜಾಗದಲ್ಲಿ ‘ದ ಸೀಡ್ಸ್ ಆಫ್ ಡೂಮ್’. ಅದರ ಮೊದಲ ಎರಡು ಕಂತು ಅಂಟಾರ್ಟಿಕಾದ ಹಿಮದಲ್ಲಿ ನಡೆಯುತ್ತದೆ, ಭಲೇ, ಆದರೆ ಆರು ಕಂತು ಸ್ವಲ್ಪ ಎಳೆದಾಟ. ರೋಬಾಟ್ಸ್ ಮೇಲೆ. ಇನ್ನು ಉಳಿದದ್ದು ಐದನೇ ಜಾಗದ ಆರ್ಕ್. ಬಬಲ್ ರ‍್ಯಾಪಿನ ಕೈಯಾ, ಕೊಲ್ಲಲು ಬಂದಾಗಲೂ ಮೆತ್ತಗೆ ಮರ್ಯಾದೆಯಿಂದ ಮಾತಾಡುವ ಆ ಸುಂದರ ಮುಖದ ಯಂತ್ರಗಳಾ? ಯಂತ್ರಗಳೇ. ಐದನೇ ಜಾಗ. ನಾಲ್ಕು ಪ್ರಶ್ನೆ, ಎರಡು ನಿಮಿಷ.

ಪೂರ್ತಿ ಪಟ್ಟಿಯನ್ನು ಒಂದೇ ಸಲಕ್ಕೆ ಮಾಡಲು ಹೋಗಬೇಡಿ. ಒಬ್ಬೊಬ್ಬ ಡಾಕ್ಟರ್‌ಗೆ ಒಂದೊಂದು ಸಾಲು ಮೊದಲು ಮಾಡಿ, ಆಮೇಲೆ ಎರಡೆರಡು ಸಾಲು ಸೇರಿಸುತ್ತಾ ಹೋಗಿ. ಸೇರಿಸುವಾಗ ಎರಡೂ ಸಾಲಿನ ತಲೆಯಲ್ಲಿರುವ ಕಥೆಗಳನ್ನು ಮಾತ್ರ ಹೋಲಿಸಬೇಕು, ಗೆದ್ದದ್ದು ಹೊಸ ಸಾಲಿಗೆ ಹೋಗುತ್ತದೆ. ಇಸ್ಪೀಟಿನ ಎರಡು ಕಟ್ಟು ಜೋಡಿಸಿದ ಹಾಗೆ. ಚೀಟಿಯ ಮೇಲೆ ಹೆಸರು ಬರೆದು ನೆಲದ ಮೇಲೆ ಹರಡಿಕೊಂಡರೆ ಸ್ಪ್ರೆಡ್‌ಶೀಟಿಗಿಂತ ಬೇಗ ಆಗುತ್ತದೆ, ಫ್ಯಾನ್ ಆಫ್ ಮಾಡಿರಿ ಅಷ್ಟೇ.

ನಡುವಿನ ನೂರು ಕಥೆಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 140 ಆಗಲಿ 155 ಆಗಲಿ, ವ್ಯತ್ಯಾಸ ಇಲ್ಲ. ಮೇಲಿನ ಇಪ್ಪತ್ತೈದು, ಕೆಳಗಿನ ಇಪ್ಪತ್ತೈದು ನಿಮಗೆ ಸರಿ ಅನ್ನಿಸಿದರೆ ಸಾಕು.

ಸಾಲು ಮುಗಿದ ಮೇಲೆ ಅಂಕದ ಕಾಗದ ತಿರುಗಿಸಿ. ಎಲ್ಲೆಲ್ಲಿ ಎರಡೂ ಜಗಳವಾಡುತ್ತವೋ ಅಲ್ಲೇ ಮಜಾ ಇರುವುದು. ನನ್ನ ಅಂಕದಲ್ಲಿ ‘ಬ್ಲಿಂಕ್’ ಹತ್ತು, ‘ಮಿಡ್‌ನೈಟ್’ ಒಂಬತ್ತು. ಸಾಲಿನಲ್ಲಿ ಮಿಡ್‌ನೈಟ್ ಮೇಲೆ. ಯಾಕೆ ಅಂತ ತುಂಬ ದಿನ ಯೋಚಿಸಿದೆ. ಬ್ಲಿಂಕ್ ಗಡಿಯಾರದ ಹಾಗೆ, ಒಂದು ಹಲ್ಲೂ ತಪ್ಪಿಲ್ಲ, ಆದರೆ ಅದರಲ್ಲಿ ಡಾಕ್ಟರ್ ಇರುವುದೇ ಕೆಲವು ನಿಮಿಷ. ಮಿಡ್‌ನೈಟ್‌ನಲ್ಲಿ ಒಂದು ಗಾಡಿಯೊಳಗೆ ಸಿಕ್ಕಿಬಿದ್ದ ಸಾಮಾನ್ಯ ಜನ ಹೆದರಿ ಹೆದರಿ ಡಾಕ್ಟರನ್ನೇ ಹೊರಗೆ ಎಸೆಯಲು ಏಳುತ್ತಾರೆ. ಕೊನೆ ಸ್ವಲ್ಪ ಆತುರ, ಅದಕ್ಕೆ ಒಂದು ಅಂಕ ಕಡಿಮೆ. ಆದರೂ ಉಳಿಸಿಕೊಳ್ಳುವುದು ಯಾವುದನ್ನು ಅಂದರೆ ಅದನ್ನೇ. ಇಂಥ ಜಗಳವನ್ನು ಸರಿಮಾಡಲು ಹೋಗಬೇಡಿ, ಅಂಕ ತಿದ್ದಬೇಡಿ, ಸಾಲನ್ನೂ ತಿದ್ದಬೇಡಿ.

ಗೆಳೆಯರ ಜೊತೆ ಸೇರಿ ಮಾಡುವುದಾದರೆ

ಸರಾಸರಿ ಒಂದು ಮೋಸಗಾರ. ಒಬ್ಬರ ಏಳು ಇನ್ನೊಬ್ಬರ ಒಂಬತ್ತಕ್ಕೆ ಸಮ. ಕೈ ಬಿಗಿಯಿರುವವರು ತಮಗೆ ಇಷ್ಟವಾದ ಕಥೆಯನ್ನೇ ತಿಳಿಯದೆ ಕೆಳಗೆ ಎಳೆಯುತ್ತಾರೆ. ಹಾಗಾಗಿ ಅಂಕ ಕೂಡಿಸುವ ಬದಲು ಜಾಗಗಳನ್ನು ಕೂಡಿಸಿ, ಎಲ್ಲರೂ ಅದೇ ಕಥೆಗಳನ್ನು ಸಾಲು ಮಾಡಿರಬೇಕು ಅನ್ನುವುದೊಂದೇ ಷರತ್ತು.

ಸರಾಸರಿಯ ಪಕ್ಕ ಅತಿ ಹೆಚ್ಚು, ಅತಿ ಕಡಿಮೆ ಎಷ್ಟು ಅಂತಲೂ ಬರೆಯಿರಿ. 2006ರ ‘ಲವ್ ಅಂಡ್ ಮಾನ್‌ಸ್ಟರ್ಸ್’ಗೆ, ಬ್ಲೂ ಪೀಟರ್ ಮಕ್ಕಳ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ ಹುಡುಗ ಬಿಡಿಸಿದ ರಾಕ್ಷಸ ಇದೆಯಲ್ಲ ಅದಕ್ಕೆ, ನಮ್ಮ ಗುಂಪಿನಲ್ಲಿ ಇಬ್ಬರು ಒಂಬತ್ತು ಕೊಟ್ಟರು, ಇಬ್ಬರು ಒಂದು ಕೊಟ್ಟರು. ಸರಾಸರಿ ಐದು. ಲಾಜರಸ್‌ಗೂ ಐದು, ನಾಲ್ಕು ಜನರೂ ಐದೇ ಕೊಟ್ಟಿದ್ದಕ್ಕೆ. ಎರಡೂ ಒಂದೇನಾ? ಒಂದರ ಬಗ್ಗೆ ರಾತ್ರಿ ಎರಡರ ತನಕ ಕೂಗಾಡಿದೆವು, ಇನ್ನೊಂದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಹೊಸದು ಯಾವಾಗಲೂ ಮೇಲೆ ತೇಲುತ್ತದೆ. 2014ರಲ್ಲಿ ಅದೇ ಮ್ಯಾಗಜೀನ್ ಐವತ್ತು ವರ್ಷದ ಕಥೆಗಳಿಗೆ ಮತ್ತೆ ಮತ ಹಾಕಿಸಿದಾಗ ಮೊದಲು ಬಂದದ್ದು ‘ದ ಡೇ ಆಫ್ ದ ಡಾಕ್ಟರ್’. ಅದು ಪ್ರಸಾರವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಟ್ಟದ್ದು ಅಂತಲ್ಲ, ಆದರೆ ಐವತ್ತರ ಸಂಭ್ರಮದ ಬಿಸಿ ಆರಿರಲಿಲ್ಲ. ನಾನು ಹೊಸ ಕಥೆಯನ್ನು ಒಂದು ವರ್ಷ ಸಾಲಿನ ಹೊರಗೇ ಬೆಂಚಿನ ಮೇಲೆ ಕೂರಿಸುತ್ತೇನೆ, ಅಂಕ ಮಾತ್ರ ಕೊಟ್ಟಿರುತ್ತೇನೆ.

ಹಳೆಯ ಪಟ್ಟಿಯನ್ನು ಅಳಿಸಬೇಡಿ. ತಾರೀಖು ಹಾಕಿ ಎತ್ತಿಡಿ, ಹೊಸದನ್ನು ಬೇರೆ ಹಾಳೆಯಲ್ಲಿ ಮಾಡಿ. ಮತ್ತೆ ನೋಡದ ಕಥೆಯ ಜಾಗ ಬದಲಿಸಬಾರದು ಅನ್ನುವುದೊಂದು ನಿಯಮ ಇಟ್ಟುಕೊಳ್ಳಿ. ನೆನಪಿನ ಮೇಲೆ ಏರಿಸಿ ಇಳಿಸಲು ಶುರು ಮಾಡಿದರೆ ಅದಕ್ಕೆ ಕೊನೆಯೇ ಇಲ್ಲ.

ಅಂದಹಾಗೆ, 2014ರಲ್ಲೂ ಕೊನೆಯ ಜಾಗ ಟ್ವಿನ್ ಡಿಲೆಮಾಗೇ ಹೋಯಿತು. ನನ್ನ ಸಾಲಿನಲ್ಲಿ ಅದು ಕೊನೆಯಿಂದ ಎರಡನೆಯದು. ಕೊನೆಯದು ಟೈಮ್‌ಲ್ಯಾಶ್. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬೇಕು ಅಂದಾಗ ನಾಣ್ಯ ಚಿಮ್ಮಿದೆ, ಟೈಮ್‌ಲ್ಯಾಶ್ ಬಿತ್ತು, ‘ಛೆ’ ಅಂದೆ.